ಮೂರನೆಯ ಸುತ್ತು

ಜೋಗೇಶ್ವರಿಯ ಕನ್ನಡ ಸಭೆಯವರಿಗೆ ಮರೆಪ್ಪ ಅಂದಕೂಡಲೇ ಕಣ್ಣಿಗೆ ಕಟ್ಟುತ್ತಿದ್ದುದು ಅವನ ಬೆನ್ನು. ಪ್ರತಿ ಭಾನುವಾರ ಮುಂಜಾನೆ ಎಂಟೂವರೆಗೆ ಆ ಬೆನ್ನಿನ ಮೇಲೆ ಬಂಡೆಪ್ಪ ಕೂತಿರುತ್ತಿದ್ದ. ಇಬ್ಬರೂ ರೈಲು ಹಳಿಯ ಪೂರ್ವಕ್ಕಿದ್ದ ಒಂದೇ ಚಾಳಿನವರು. ಸಭೆ ಕೂಡುತ್ತಿದ್ದುದು ಪಶ್ಚಿಮಕ್ಕಿದ್ದ ಗುಜರಾತಿ ಶಾಲೆಯ ಒಂದು ಕೋಣೆಯಲ್ಲಿ. ನಡುವೆ ಸ್ಟೇಷನ್ನಿನ ಬ್ರಿಜ್. ಹತ್ತಲು ನಲವತ್ತನಾಲ್ಕು ಮೆಟ್ಟಿಲು, ಇಳಿಯಲು ಮತ್ತೆ ಅಷ್ಟೇ. ಬಂಡೆಪ್ಪನ ಎಡಗಾಲು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ಅವನು ಮರೆಪ್ಪನ ಕೊರಳಿಗೆ ಒಂದು ಕೈ ಸುತ್ತಿ, ಇನ್ನೊಂದರಲ್ಲಿ ತನ್ನ ಊರುಗೋಲನ್ನು ಎತ್ತಿ ಹಿಡಿದು, "ಬಾಜೂ ಹಟೋ ಭಾಯಿ, ರಾಜಾ ಕೀ ಸವಾರೀ!" ಎಂದು ಜನರ ನಡುವೆ ದಾರಿ ಮಾಡಿಸುತ್ತಿದ್ದ. ಜನ ನಗುತ್ತ ಸರಿಯುತ್ತಿದ್ದರು. ಬ್ರಿಜ್ಜಿನ ಆಚೆ ತುದಿಯಲ್ಲಿ ಚಹಾ ಅಂಗಡಿ ಇಟ್ಟಿದ್ದ ಮಜೀದ ಇವರ ಹಾಗೇ ಬೀದರ ಕಡೆಯವನು. ಅವನು ಮಾತ್ರ ಇವರನ್ನು ಕಂಡಾಗ ಒಂದು ನಮೂನೆ ತುಟಿ ಬಿಗಿಹಿಡಿದು ನಗುತ್ತಿದ್ದ. ಆ ನಗುವಿನ ಅರ್ಥ ಮರೆಪ್ಪ ಎಂದೂ ಕೇಳಿರಲಿಲ್ಲ. ಕೇಳುವುದು ಅವನ ಸ್ವಭಾವವೇ ಅಲ್ಲ.

ಚೆನ್ನಯ ಪಾಸ್ಟರರು ಮಂಗಳೂರು ಕಡೆಯಿಂದ ಬಂದು ಒಂದು ವರ್ಷವಾಗಿತ್ತು. ಬಂದ ಮೊದಲ ಭಾನುವಾರವೇ ಈ ಸವಾರಿ ಕಂಡು ಅವರ ಕಣ್ಣು ಒದ್ದೆಯಾಗಿತ್ತು. ಪರಿಶುದ್ಧ ಜೀವನ ಅಂದರೇನು ಎಂದು ಬೋಧಿಸುವಾಗಲೆಲ್ಲ ಅವರ ಕೈ ತಾನಾಗಿ ಕೊನೆಯ ಸಾಲಿನ ಕಡೆ ಚಾಚುತ್ತಿತ್ತು. ಮರೆಪ್ಪ ಕುಡಿಯುವವನಲ್ಲ. ಬೀಡಿ ಬಿಟ್ಟಿದ್ದಾನೆ. ನಳದ ಹತ್ತಿರ ಯಾರ ಕೂಡಲೂ ಬಾಯಿ ಮಾಡಿದವನಲ್ಲ. ಆರು ವರ್ಷದಿಂದ ಒಂದು ಭಾನುವಾರವೂ ತಪ್ಪದೆ ಒಬ್ಬ ಕುಂಟನನ್ನು ಹೊತ್ತು ದೇವರ ಮನೆಗೆ ತರುತ್ತಿದ್ದಾನೆ. ಇದನ್ನೆಲ್ಲ ಕೇಳುವಾಗ ಮರೆಪ್ಪ ತಲೆ ತಗ್ಗಿಸಿ ತನ್ನ ಕಾಲ ಬೆರಳುಗಳನ್ನು ನೋಡುತ್ತಿದ್ದ. ಜನ ಅದನ್ನು ವಿನಯ ಅಂದುಕೊಂಡರು.

ಅವನ ತಲೆಯೊಳಗಿದ್ದುದು ಒಂದು ಹಗ್ಗ.

ಅರವತ್ತೇಳನೇ ಇಸವಿಯ ಡಿಸೆಂಬರಿನಲ್ಲಿ ಇಬ್ಬರೂ ಕಾಂದಿವಲಿಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ಕೆಲಸದಲ್ಲಿದ್ದರು. ಬಂಡೆಪ್ಪ ಗೋಡೆಗೆ ಗಿಲಾವು ಮಾಡುವ ಗೌಂಡಿ. ಅವನು ನಿಲ್ಲಬೇಕಾದ ಬೊಂಬಿನ ಅಟ್ಟಣಿಗೆ ಕಟ್ಟುವವನು ಮರೆಪ್ಪ. ನಿಂತ ಬೊಂಬಿಗೆ ಅಡ್ಡ ಬೊಂಬು ಕೂಡಿಸಿ ನಾರಿನ ಹಗ್ಗದಿಂದ ಮೂರು ಸುತ್ತು ಬಿಗಿದು ಗಂಟು ಹಾಕಬೇಕು. ಎರಡು ಸುತ್ತಿನದು ಬರೇ ಹಿಡಿದು ನಿಲ್ಲಿಸಲಿಕ್ಕೆ. ಅದರ ಮೇಲೆ ಮನುಷ್ಯ ನಿಲ್ಲಬಾರದು. ಕ್ರಿಸ್ಮಸ್ ಹಬ್ಬದ ಹಿಂದಿನ ಶನಿವಾರ ಸಂಜೆ ಕೊನೆಯ ಒಂದು ಕಟ್ಟು ಉಳಿದಿತ್ತು. ಹಾಡಿನ ತಾಲೀಮಿಗೆ ಹೊತ್ತಾಗಿತ್ತು, ಆ ವರ್ಷ ಢೋಲಕ ಮರೆಪ್ಪನದು. ಎರಡು ಸುತ್ತು ಹಾಕಿ, ಗಂಟು ಬಿಗಿದು, ಮೂರನೆಯದು ಮಂಗಳವಾರ ಬಂದಕೂಡಲೇ ಹಾಕಿದರಾಯಿತು ಎಂದುಕೊಂಡು ಅವನು ಇಳಿದು ಓಡಿದ.

ಸೋಮವಾರ ಹಬ್ಬ. ಕರ್ತನ ಭೋಜನದ ಹೊತ್ತಿನಲ್ಲಿ ದ್ರಾಕ್ಷಾರಸದ ಪುಟ್ಟ ಬಟ್ಟಲು ಕೈಗೆ ಬಂದಾಗ, ಯಾಕೋ, ಆ ಗಂಟು ಥಟ್ಟನೆ ಕಣ್ಣಮುಂದೆ ಬಂತು. ಪಕ್ಕದಲ್ಲೇ ಬಂಡೆಪ್ಪ ಕೂತಿದ್ದ. ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಬ್ಬದ ದಿನ ಕೆಲಸದ ಮಾತೇಕೆ ಎಂದು ಮರೆಪ್ಪ ಬಟ್ಟಲು ಎತ್ತಿ ಕುಡಿದ. ಮಂಗಳವಾರ ಅವನಿಗೆ ಲೋಕಲ್ ತಪ್ಪಿತು. ಸೈಟಿಗೆ ಮುಟ್ಟುವಾಗ ಬಂಡೆಪ್ಪ ಎರಡನೇ ಮಾಳಿಗೆಯ ಎತ್ತರದಿಂದ ಬಿದ್ದು, ಜನ ಅವನನ್ನು ಕದದ ಹಲಗೆಯ ಮೇಲೆ ಮಲಗಿಸಿದ್ದರು.

ಕೊಯ್ನಾದ ಭೂಕಂಪ ಆಗಿ ಎರಡು ವಾರವಷ್ಟೇ ಕಳೆದಿತ್ತು. ಆ ಬೆಳಗಿನ ಜಾವ ಮುಂಬಯಿಯೂ ಅಲುಗಿತ್ತು. "ಭೂಕಂಪದಾಗ ಕಟ್ಟು ಸಡಿಲಾಗ್ಯಾವ" ಎಂದಿತು ಸೈಟು. ಕೆಲಸದ ಮೇಲ್ವಿಚಾರಕ ಮುಕಾದಮನೂ ಅದನ್ನೇ ಬರೆಸಿದ. ಆ ಕಟ್ಟು ಭೂಕಂಪವಾದ ಹನ್ನೆರಡು ದಿನದ ಮೇಲೆ ಕಟ್ಟಿದ್ದು ಎಂಬುದು ಮರೆಪ್ಪನಿಗೆ ಗೊತ್ತಿತ್ತು. ಅವನು ಬಾಯಿ ತೆರೆಯಲಿಲ್ಲ.

ಅಂದಿನಿಂದ ಅವನ ಕೈ ಏನು ಕಟ್ಟಿದರೂ ಐದು ಸುತ್ತು. ಬುತ್ತಿಯ ಡಬ್ಬಿಗೂ ಐದು, ಊರಿಗೆ ಹೋಗುವ ಗಂಟಿಗೂ ಐದು. "ಮರೆಪ್ಪಣ್ಣ ಕಟ್ಟಿದ್ದು ಬಿಚ್ಚಬೇಕಾದ್ರ ಕುಡಗೋಲು ತರ್ರಿ" ಎಂದು ಸಭೆಯವರು ಆಡಿಕೊಳ್ಳುತ್ತಿದ್ದರು. ಇನ್ನೊಂದು ಸಂಗತಿಯನ್ನು ಯಾರೂ ಆಡಿಕೊಳ್ಳಲಿಲ್ಲ, ಏಕೆಂದರೆ ಯಾರೂ ಗಮನಿಸಿರಲಿಲ್ಲ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಶುರುವಾಗುವ ಹೊತ್ತಿಗೆ ಮರೆಪ್ಪ ಮೆಲ್ಲಗೆ ಎದ್ದು ಹೊರಗೆ ಹೋಗುತ್ತಿದ್ದ. ಹೊರಗೆ ಬಿಟ್ಟ ಚಪ್ಪಲಿಗಳು ಕಳುವಾಗುತ್ತಿದ್ದವು, ಯಾರಾದರೂ ಕಾಯಬೇಕಿತ್ತು.

ಗಮನಿಸಿದವಳು ಒಬ್ಬಳೇ, ಅವನ ಹೆಂಡತಿ ಗುರುಬಾಯಿ. ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಟ್ಟೆಯಲ್ಲಿ ಸೋಸಿ ರಸ ಮಾಡುವ ಕೆಲಸ ಅವಳದು. ಸಭೆಯಲ್ಲಿ ಕರ್ತನ ಭೋಜನಕ್ಕೆ ಕೂಡುವವರು ಇಪ್ಪತ್ತಾರು ಜನ. ಅವಳು ಇಪ್ಪತ್ತಾರು ಬಟ್ಟಲು ತುಂಬುತ್ತಿದ್ದಳು. ಒಂದು ತುಂಬಿದ್ದು ತುಂಬಿದಂತೆ ತಿರುಗಿ ಬರುತ್ತಿತ್ತು. ಅದನ್ನು ಎಲ್ಲೆಂದರಲ್ಲಿ ಚೆಲ್ಲಬಾರದೆಂದು ಚಾಳಿನ ಹಿಂದಿನ ನುಗ್ಗೆಗಿಡದ ಬುಡಕ್ಕೆ ಹಾಕುತ್ತಿದ್ದಳು. ಆರು ವರ್ಷದಲ್ಲಿ ಗಂಡನನ್ನು ಒಮ್ಮೆಯೂ ಕೇಳಲಿಲ್ಲ. ಬಟ್ಟಲು ಮಾತ್ರ ಒಂದು ಸಲವೂ ಕಡಿಮೆ ಮಾಡಲಿಲ್ಲ.

ಎಪ್ಪತ್ತಮೂರರ ಡಿಸೆಂಬರಿನ ಮೂರನೇ ಭಾನುವಾರ ಚೆನ್ನಯ ಪಾಸ್ಟರರು ಬೋಧನೆ ಮುಗಿಸಿ ಕನ್ನಡಕ ತೆಗೆದರು. "ಈ ಕ್ರಿಸ್ಮಸಿನಿಂದ ಕರ್ತನ ಭೋಜನದ ತಟ್ಟೆ ಹಿಡಿದು ಕೊಡುವ ಸೇವೆ ಮರೆಪ್ಪನವರದ್ದು" ಎಂದರು. "ಆ ತಟ್ಟೆಗೆ ತಕ್ಕ ಕೈ ಈ ಸಭೆಯಲ್ಲಿ ಬೇರೆ ಯಾರದ್ದುಂಟು?"

ಜನ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಬಂಡೆಪ್ಪ ಊರುಗೋಲಿನಿಂದ ನೆಲ ಬಡಿದ. ಆಗುವುದಿಲ್ಲ ಎನ್ನಲು ಮರೆಪ್ಪ ಎದ್ದು ನಿಂತ. ನಿಂತದ್ದನ್ನೇ ಒಪ್ಪಿಗೆ ಎಂದು ತಿಳಿದು ಜನ ಮತ್ತೊಮ್ಮೆ ಚಪ್ಪಾಳೆ ಹೊಡೆದರು.

ತಟ್ಟೆ ಹಿಡಿದವನು ಚಪ್ಪಲಿ ಕಾಯಲು ಹೋಗುವಂತಿಲ್ಲ. ಎಲ್ಲರಿಗೂ ಕೊಟ್ಟ ಮೇಲೆ, ಎಲ್ಲರ ಮುಂದೆ, ಕೊನೆಯ ಬಟ್ಟಲು ಅವನೇ ಕುಡಿಯಬೇಕು. ಹಾಗೆ ಇನ್ನೊಮ್ಮೆ ಕುಡಿಯಲು ಮರೆಪ್ಪನಿಂದ ಆಗದು. ಕುಡಿಯದೆ ಇರಬೇಕಾದರೆ ಹೇಳಬೇಕು. ಹೇಳುವುದಾದರೆ ಮೊದಲು ಬಂಡೆಪ್ಪನಿಗೆ ಹೇಳಬೇಕು. ಹೇಳಿದ ಮೇಲೆ ಬಂಡೆಪ್ಪ ಈ ಬೆನ್ನು ಮುಟ್ಟುತ್ತಾನೆಯೇ?

ಆ ವಾರ ಎರಡು ಸಂಜೆ ಅವನು ಬಂಡೆಪ್ಪನ ಅಂಗಡಿಗೆ ಹೋದ. ಅಂಗಡಿ ಅಂದರೆ ಚಾಳಿನ ಬಾಯಿಯಲ್ಲಿ ಒಂದು ಗೋಣಿತಾಟು, ಸುತ್ತ ಬಿಚ್ಚಿಟ್ಟ ಸ್ಟೋವುಗಳು. ಬಿದ್ದಮೇಲೆ ಬಂಡೆಪ್ಪ ಕಲಿತ ಕಸುಬು ಅದು.

"ಬಾ ತಮ್ಮಾ, ಬಾ. ಸ್ಟೋವ್ ರಿಪೇರಿ ಮಾಡ್ಲತ್ತೀನಿ, ಊರಾಗ ಹನಿ ಘಾಸ್‌ಲೇಟ್ ಎಣ್ಣಿ ಇಲ್ಲ. ಸತ್ತವನಿಗೆ ಕ್ಷೌರ ಮಾಡ್ದಂಗ ಆಗ್ಯಾದ ನನ್ನ ಧಂದಾ" ಎಂದ ಬಂಡೆಪ್ಪ, ಬರ್ನರಿನ ತೂತಿಗೆ ಪಿನ್ನು ಚುಚ್ಚುತ್ತ. "ಯಾಕ, ಮಾರಿ ಹಿಂಗ್ಯಾಕ? ತಟ್ಟಿ ಹಿಡೀಲಾಕ ಅಂಜಿಕಿ ಏನ?"

"ಅಣ್ಣಾ, ಒಂದ್ ಮಾತು..."

"ಹೇಳು."

ಮರೆಪ್ಪ ಒಂದು ಸ್ಟೋವಿನ ಕಾಲು ಎತ್ತಿ ನೋಡಿದ. ಮತ್ತೆ ಕೆಳಗಿಟ್ಟ. "ಹಬ್ಬದ ದಿನ ಅರ್ಧಾ ತಾಸು ಮೊದ್ಲೇ ಹೋಗೂಣು" ಎಂದ.

ಬಂಡೆಪ್ಪ ಪಿನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. ಏನೋ ಹೇಳಲಿಕ್ಕೆ ಬಾಯಿ ತೆರೆದವನು ಬರ್ನರನ್ನು ಊದಿ ಮತ್ತೆ ಪಿನ್ನು ಚುಚ್ಚತೊಡಗಿದ. ಎರಡನೇ ಸಂಜೆಯೂ ಹೀಗೇ ಕಳೆಯಿತು.

ಹಬ್ಬದ ಮುಂಜಾನೆ ಸಣ್ಣ ಚಳಿ ಇತ್ತು. ಗುರುಬಾಯಿ ರಸದ ಬಾಟಲಿ, ರೊಟ್ಟಿ, ಬಟ್ಟಲುಗಳ ಚೀಲ ಹಿಡಿದು ಬಂಡೆಪ್ಪನ ಹೆಂಡತಿಯ ಜೊತೆ ಮುಂದೆ ಹೋಗಿದ್ದಳು. ಮರೆಪ್ಪ ಬಿಳಿ ಅಂಗಿ ತೊಟ್ಟು ಬಂಡೆಪ್ಪನ ಬಾಗಿಲಲ್ಲಿ ಬಗ್ಗಿ ನಿಂತ. ಎಂದಿನ ಭಾರವೇ ಬೆನ್ನಿಗೇರಿತು. ನಲವತ್ತನಾಲ್ಕು ಮೆಟ್ಟಿಲು ಹತ್ತಿ ಬ್ರಿಜ್ಜಿನ ನಡುಮಧ್ಯಕ್ಕೆ ಬಂದಾಗ ಕೆಳಗೆ ಬೋರಿವಲಿ ಲೋಕಲ್ ನುಗ್ಗಿತು. ಬ್ರಿಜ್ ಸಣ್ಣಗೆ ಅಲುಗಿತು. ಮರೆಪ್ಪ ನಿಂತುಬಿಟ್ಟ. ಮೆಲ್ಲಗೆ ಬಗ್ಗಿ ಬಂಡೆಪ್ಪನನ್ನು ಕಟಕಟೆಯ ಹತ್ತಿರ ಇಳಿಸಿದ.

"ಯಾಕ, ದಮ್ ಹತ್ತೀತೇನ? ವಯಸ್ಸಾಯ್ತು ಬಿಡು ಕುದುರಿಗಿ."

ಮರೆಪ್ಪ ಹಳಿಗಳ ಕಡೆ ಮುಖ ಮಾಡಿ ನಿಂತ. ಮುಖ ನೋಡಿದರೆ ಹೇಳಲಾಗದು ಎಂದು ಅವನಿಗೆ ಗೊತ್ತಿತ್ತು.

"ಅಣ್ಣಾ, ಕಾಂದಿವಲ್ಯಾಗ ನೀ ಬಿದ್ದದ್ದು ಭೂಕಂಪದಿಂದ ಅಲ್ಲ. ಆ ಶನಿವಾರ ನಾ ಎರಡೇ ಸುತ್ತು ಹಾಕಿದ್ದೆ. ಢೋಲಕ್ಕ ಹೊತ್ತಾಗಿತ್ತಂತ ಬಿಟ್ಟು ಓಡಿದೆ."

ಚರ್ಚಗೇಟ್ ಕಡೆಯ ಒಂದು ಗಾಡಿ ಬಂದು, ನಿಂತು, ಹೊರಟು ಹೋಯಿತು. ಅಷ್ಟೂ ಹೊತ್ತು ಮರೆಪ್ಪ ಕಟಕಟೆಯ ಕಬ್ಬಿಣ ಹಿಡಿದೇ ಇದ್ದ.

"ಗೊತ್ತದ" ಎಂದ ಬಂಡೆಪ್ಪ.

"ಏನ್ ಗೊತ್ತದ?"

"ಬೀಳೂ ಮುಂದ ಹಗ್ಗ ನನ್ನ ಕೈಯಾಗೇ ಬಂತು. ಹಿಡಕೊಂಡೇ ಬಿದ್ದೆ. ದವಾಖಾನ್ಯಾಗ ನರ್ಸಬಾಯಿ ಬೆರಳ ಬಿಡಿಸಿ ತಗೊಳ್ಳೂತನಾ ಕೈಯಾಗೇ ಇತ್ತು. ಎಡಗೈಲೆ ಹಾಕಿದ ಗಂಟು. ಇಡೀ ಸೈಟಿನಾಗ ಎಡಚ ನೀ ಒಬ್ಬನೇ ಅಲ್ಲೇನ? ಎರಡು ಸುತ್ತಿನ ಹಗ್ಗ ಎಷ್ಟುದ್ದ ಇರ್ತದ ಅಂತ ನನಗ ಗೊತ್ತಿಲ್ಲೇನ?"

ಮರೆಪ್ಪ ತಿರುಗಿದ. "ಮತ್ತ ಭೂಕಂಪ ಅಂತ ನೀನೂ ಅಂದಿ!"

"ನಾನೂ ಅಂದೆ ಅಲ್ಲ, ನಾನೇ ಮೊದಲ ಅಂದೆ. ಮುಕಾದಮ ಹಾಸಿಗಿ ಹಂತ್ಯಾಕ ಬಂದು ಕೇಳಿದ. ನಿನ್ನ ಹೆಸರು ಹೇಳಿದ್ರ ಅವತ್ತೇ ನಿನ್ನ ಕೆಲಸ ಹೋಗ್ತಿತ್ತು. ಗುರುಬಾಯಿ ಬಸುರಿದ್ಲು." ಬಂಡೆಪ್ಪ ಊರುಗೋಲಿನ ತುದಿಯಿಂದ ಒಂದು ಬೀಡಿತುಂಡನ್ನು ಹಳಿಗೆ ತಳ್ಳಿದ. "ಅದಕ್ಕ ನನ್ನ ಭಾಳ ದೊಡ್ಡವ ಅಂತ ತಿಳಕೋಬ್ಯಾಡ. ಒಳಗ ಬೆಂಕಿ ಇತ್ತು. ಮೊದಲ ವರ್ಸ ಬೇಕಂತಲೇ ಭಾರ ಬಿಟ್ಟು ಕೂಡ್ತಿದ್ದೆ. ನೀ ಮೆಟ್ಲ ಏರ್ಕೋತ ಏದುಸಿರು ಬಿಟ್ರ ನನಗ ಸಮಾಧಾನ ಆಗ್ತಿತ್ತು. ಪ್ರಾರ್ಥನಾಕ ಹೊಂಟವ ನೋಡು ನಾ!"

"ಆಮ್ಯಾಲ?"

"ಆಮ್ಯಾಲ ಸಿಟ್ಟು ಹೋಯ್ತು. ಯಾವತ್ತು ಹೋಯ್ತೋ ಗೊತ್ತಿಲ್ಲ. ಒಂದಿನ ಬೆನ್ನ ಮ್ಯಾಲ ಕೂತಾಗ ನಿನ್ನ ಕೂದಲ ಬೆಳ್ಳಗಾಗಿದ್ದು ಕಾಣಿಸ್ತು. ಅವತ್ತ ನೋಡೀನಿ, ಸಿಟ್ಟು ಇರಲೇ ಇಲ್ಲ. ನೀ ಹೇಳ್ತಿ, ಹೇಳ್ತಿ ಅಂತ ಕಾದೆ. ನೀ ಹೇಳ್ಲಿಲ್ಲ. ಇಳಿಯೂದು ಹ್ಯಾಂಗ ಅಂತ ನನಗೂ ತಿಳೀಲಿಲ್ಲ. ನಾನೇ ನಡೀತೀನಿ ಅಂದ್ರ ನೀ ಏನ್ ಹೊರ್ತಿದ್ದಿ, ಪಾಪ?"

"ನೀ ನಡೀತಿ?"

ಬಂಡೆಪ್ಪ ಸ್ವಲ್ಪ ನಾಚಿಕೊಂಡ. "ಎರಡು ವರ್ಸಾಯ್ತು. ನೀ ಕೆಲಸಕ್ಕ ಹೋದಾಗ ಮಧ್ಯಾಹ್ನ ಈ ಬ್ರಿಜ್ ಏರಿ ಇಳಿದು ಮಜೀದನ ಹಂತ್ಯಾಕ ಚಹಾ ಕುಡದು ಬರ್ತೀನಿ. ಕಟಕಟಿ ಹಿಡದು, ಒಂದೊಂದೇ ಮೆಟ್ಲ."

ಮಜೀದನ ಆ ಬಿಗಿಹಿಡಿದ ತುಟಿಗಳು ಮರೆಪ್ಪನ ಕಣ್ಣಮುಂದೆ ಬಂದವು. "ಎರಡು ವರ್ಸ ನಾ ಸುಮ್ನ ಹೊತ್ತೆನಾ?"

"ಸುಮ್ನ ಯಾಕ? ಮ್ಯಾಲ ಗಾಳಿ ಚೊಲೋ ಬರ್ತಿತ್ತು."

ಮೊದಲು ನಕ್ಕವನು ಮರೆಪ್ಪನೇ. ಆರು ವರ್ಷ ಒಳಗೇ ಉಳಿದಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಿದ್ದ ಹಾಗೆ ನಕ್ಕ. ನಗುವಿನ ನಡುವೆಯೇ ಅದು ಅಳುವಾಗಿ, ಅವನು ಕಟಕಟೆಗೆ ಹಣೆ ಹಚ್ಚಿ ನಿಂತ. ಹಾದುಹೋಗುವವರು ತಿರುಗಿ ನೋಡಿದರು. ಬಂಡೆಪ್ಪ ಅವನ ಬೆನ್ನಿನ ಮೇಲೆ ಕೈ ಇಟ್ಟ. ಅಷ್ಟು ವರ್ಷದಲ್ಲಿ ಆ ಬೆನ್ನಿಗೆ ಬರೇ ಒಂದು ಕೈಯ ಭಾರ ಬಿದ್ದದ್ದು ಅದೇ ಮೊದಲು.

"ಇನ್ನೊಂದದ" ಎಂದ ಮರೆಪ್ಪ ಮುಖ ಒರೆಸಿಕೊಂಡು. "ಆ ಹಬ್ಬದ ದಿನ ಬಟ್ಟಲ ಹಿಡದಾಗ ಗಂಟು ನೆನಪಾಗಿತ್ತು. ನೀ ಬಾಜೂಕೇ ಇದ್ದಿ. ಹೇಳ್ದೇ ಕುಡದೆ. ಅವತ್ತಿಂದ ಒಮ್ಮಿನೂ ಕುಡದಿಲ್ಲ. ಚಪ್ಪಲ್ ಕಾಯ್ತೀನಿ ಅಂತ ಹೊರಗ ಹೋಗ್ತೀನಿ."

ಬಂಡೆಪ್ಪನ ಮುಖದ ನಗು ಹೋಯಿತು. ಇದು ಅವನಿಗೆ ಗೊತ್ತಿರಲಿಲ್ಲ. "ಅದು ನನ್ನ ಕಾಲಿಗಿಂತ ದೊಡ್ಡದಾಯ್ತಲ್ಲೋ ಮರ್ಯಾ" ಎಂದ. "ಆ ಬಟ್ಟಲ ತಪ್ಪ ಮಾಡದವರ ಸಲುವಾಗಿ ಇಟ್ಟಿದ್ದಾದ್ರ ಗುರುಬಾಯಿ ಒಂದಾದ್ರೂ ಯಾಕ ತುಂಬ್ತಾಳ? ನಮ್ಮಂಥವರ ಸಲುವಾಗೇ ಅಲ್ಲೇನ ಅಂವ ಹುಟ್ಟಿದ್ದು, ಸತ್ತದ್ದು?"

"ನನ್ನ ಕ್ಷಮಾ ಮಾಡು ಅಣ್ಣಾ."

"ಅದು ಎಂದೋ ಆಗ್ಯಾದ. ನೀ ಕೇಳೂದೊಂದೇ ಇತ್ತು. ಇನ್ನ ನಡಿ, ಪಾಸ್ಟರ್ ಹಾಡ ಶುರು ಮಾಡಿರ್ತಾರ."

ಮರೆಪ್ಪ ರೂಢಿಯಂತೆ ಬಗ್ಗಿದ. ಬಂಡೆಪ್ಪ ಊರುಗೋಲಿನಿಂದ ಅವನ ಕುಂಡೆಗೆ ಮೆಲ್ಲಗೆ ತಿವಿದ. "ಸರಿ ಬಾಜೂಕ. ನಿನ್ನ ಎಲುಬು ಚುಚ್ಚಿ ಚುಚ್ಚಿ ಸಾಕಾಗ್ಯಾದ."

ಶಾಲೆಯ ಗೇಟಿನ ಮೇಲೆ ಬೊಂಬಿನ ಸೀಳಿನ ನಕ್ಷತ್ರ ತೂಗುತ್ತಿತ್ತು, ಮರೆಪ್ಪನೇ ಕಟ್ಟಿದ್ದು, ಮೂಲೆ ಮೂಲೆಗೂ ಐದು ಸುತ್ತು. ಅದರ ಕೆಳಗೆ ನಿಂತಿದ್ದ ಚೆನ್ನಯ ಪಾಸ್ಟರರು ಇಬ್ಬರೂ ತಮ್ಮ ತಮ್ಮ ಕಾಲಿನ ಮೇಲೆ ಬರುವುದನ್ನು ಕಂಡು ಕೈಯಲ್ಲಿದ್ದ ಹಾಡಿನ ಪುಸ್ತಕ ಮಡಚಿದರು. ಮರೆಪ್ಪ ಅವರನ್ನು ಬದಿಗೆ ಕರೆದು ಐದಾರು ಮಾತಿನಲ್ಲಿ ಎಲ್ಲವನ್ನೂ ಹೇಳಿದ. "ಜನ ನನ್ನ ಬೆನ್ನ ನೋಡಿ ಪರಿಶುದ್ಧ ಅಂದ್ರು, ನೀವೂ ಅಂದ್ರಿ. ಅದು ಖರೇ ಅಲ್ಲ. ನಾ ಅಂಜಿ ಹೊತ್ತದ್ದು. ತಟ್ಟಿ ನನಗ ಬ್ಯಾಡ್ರಿ."

ಪಾಸ್ಟರರು ಕನ್ನಡಕ ತೆಗೆದು ಒರೆಸಿದರು. ಇಡೀ ವರ್ಷ ತಾವು ಎಷ್ಟು ಸಲ ಕೈ ಚಾಚಿ ಈ ಮನುಷ್ಯನನ್ನು ಚುಚ್ಚಿದೆವು ಎಂದು ನೆನೆಯುತ್ತಿದ್ದರೋ ಏನೋ. ಕೊನೆಗೆ, "ಆಯ್ತು ಮಾರಾಯ್ರೆ. ಕೊಡುವುದು ಮುಂದಿನ ವರ್ಷ ನೋಡುವ. ಇವತ್ತು ನೀವು ಕೂತು ತೆಗೊಳ್ಳಿ" ಎಂದರು.

ಆ ದಿನ ಅವರು ಬರೆದು ತಂದಿದ್ದ ಬೋಧನೆಯನ್ನು ಓದಲಿಲ್ಲ. ನಿಲ್ಲಿಸಿ ನಿಲ್ಲಿಸಿ ಮಾತಾಡಿದರು. ಲೋಕವನ್ನು ಹೊತ್ತಿರುವ ದೇವರು ಲೋಕಕ್ಕೆ ಇಳಿದಾಗ ತಾನೇ ನಡೆದು ಬರಲಿಲ್ಲ ಎಂದರು. ಯಾರಾದರೂ ಎತ್ತಿಕೊಳ್ಳದಿದ್ದರೆ ಬಿದ್ದಲ್ಲೇ ಇರುವ ಕೂಸಾಗಿ ಬಂದ. ಮರಿಯಳು ಹೊತ್ತಳು, ಯೋಸೇಫ ಹೊತ್ತ. ಕೊನೆಗೆ ಗುಡ್ಡದ ದಾರಿಯಲ್ಲಿ ಮರದ ಭಾರಕ್ಕೆ ಅವನು ಕುಸಿದಾಗ, ಹೊಲದಿಂದ ಬರುತ್ತಿದ್ದ ಯಾವನೋ ಒಬ್ಬ ಅವನ ಶಿಲುಬೆಯನ್ನೂ ಹೊತ್ತ. "ಆ ಮನುಷ್ಯ ತಾನು ಹೊರುತ್ತಿದ್ದೇನೆ ಅಂದುಕೊಂಡಿರಬೇಕು. ತನ್ನ ಭಾರವೇ ಆ ಮರದ ಮೇಲೆ ಉಂಟು ಅಂತ ಅವನಿಗೆ ಏನು ಗೊತ್ತು?"

ಬಂಡೆಪ್ಪ ಊರುಗೋಲಿನಿಂದ ಮರೆಪ್ಪನ ಪಾದ ತಟ್ಟಿದ. ಮರೆಪ್ಪ ತಲೆ ತಗ್ಗಿಸಿರಲಿಲ್ಲ.

ಹೊರಗಿನ ಚಪ್ಪಲಿಗಳನ್ನು ಆ ದಿನ ಯಾರೂ ಕಾಯಲಿಲ್ಲ. ಪಾಸ್ಟರರೇ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ರೊಟ್ಟಿಯ ತುಂಡು ಬಾಯಿಗಿಟ್ಟು ಮರೆಪ್ಪ ಬಟ್ಟಲು ಎತ್ತಿದ. ಗಂಟು ನೆನಪಾಗುತ್ತದೆಯೇ ಎಂದು ಒಂದು ಕ್ಷಣ ಕಾದ. ನೆನಪಾಯಿತು. ಎರಡು ಸುತ್ತು, ಎಡಗೈಯ ಗಂಟು, ಎಲ್ಲವೂ ಇದ್ದಲ್ಲೇ ಇತ್ತು. ಆದರೆ ಅದನ್ನು ಹಿಡಿದುಕೊಂಡವನು ಈಗ ಅವನೊಬ್ಬನೇ ಆಗಿರಲಿಲ್ಲ. ಅವನು ಕುಡಿದ. ರಸ ಸಿಹಿಯಾಗಿತ್ತು, ತಳದಲ್ಲಿ ತುಸು ಹುಳಿ, ಸ್ಟೋವಿನ ಹೊಗೆಯ ವಾಸನೆಯೂ ಸ್ವಲ್ಪ ಇತ್ತು. ಮನೆಯಲ್ಲೇ ಮಾಡಿದ ಆ ರಸದ ರುಚಿ ಅವನಿಗೆ ಮರೆತೇ ಹೋಗಿತ್ತು.

ಆರಾಧನೆ ಮುಗಿದು ಜನ ಹಬ್ಬದ ಮಾತಿನಲ್ಲಿ ತೊಡಗಿದಾಗ ಗುರುಬಾಯಿ ತಟ್ಟೆ ತೆಗೆದುಕೊಂಡಳು. ಬಟ್ಟಲುಗಳನ್ನು ಒಂದೊಂದಾಗಿ ಬೋರಲು ಹಾಕುತ್ತ ಹೋದವಳು ಕೊನೆಯದನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ನಿಂತಳು. ಗಂಡನ ಕಡೆ ನೋಡಲಿಲ್ಲ. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ಬಂಡೆಪ್ಪನ ಹೆಂಡತಿಗೆ ಕೇಳುವ ಹಾಗೆ, "ಇವತ್ತ ನುಗ್ಗಿಗಿಡಕ್ಕ ಬರೇ ನೀರೇ ಗತಿ ನೋಡವ್ವ" ಎಂದಳು. ಆಕೆಗೆ ಅದು ಅರ್ಥವಾಗಲಿಲ್ಲ. ಮರೆಪ್ಪನಿಗೆ ಆಯಿತು.

ತಿರುಗಿ ಬರುವಾಗ ಬ್ರಿಜ್ಜಿನ ಬುಡದಲ್ಲಿ, ಮುಂಜಾನೆ ಇವರನ್ನು ಕಂಡಿರದ ಮಜೀದ ಗಾಜಿನ ಗ್ಲಾಸು ತೊಳೆಯುವುದನ್ನೇ ನಿಲ್ಲಿಸಿದ. "ಅರೇ ಬಂಡೆಣ್ಣ! ಸವಾರಿ ಬಂದ್ ಆಯ್ತೇನು?"

"ಬಂದ್. ಕುದುರಿ ರಿಟಾಯರ್ ಆಯ್ತು" ಎಂದ ಬಂಡೆಪ್ಪ, ಕಟಕಟೆ ಹಿಡಿದು ಮೊದಲ ಮೆಟ್ಟಿಲಿಗೆ ಊರುಗೋಲು ಇಡುತ್ತ. ಒಂದು ಮೆಟ್ಟಿಲು, ಒಂದು ಉಸಿರು, ಮತ್ತೊಂದು ಮೆಟ್ಟಿಲು. ಮರೆಪ್ಪ ಹಿಂದೆ ಹಿಂದೆ ಹತ್ತಿದ. ಕೈಗಳನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಹಿಂದಕ್ಕೆ ಕಟ್ಟಿದ, ಮುಂದಕ್ಕೆ ತಂದ, ಜೇಬಿನಲ್ಲಿ ಇಟ್ಟ.

ಗುರುಬಾಯಿ ಇದನ್ನು ಗಮನಿಸುತ್ತಲೇ ಬಂದಳು. ನಡುಬ್ರಿಜ್ಜಿನಲ್ಲಿ ನಿಂತು, "ಖಾಲಿ ಕೈಲೆ ಯಾಕ ಬರ್ತೀರಿ, ಇದನ್ನರ ಹಿಡೀರಿ" ಎಂದು ಬಟ್ಟಲುಗಳ ಚೀಲ ಅವನ ಕೈಗಿತ್ತಳು. "ಬಾಯಿ ಬಿಚ್ಚ್ಯಾದ, ಒಂಚೂರು ಕಟ್ಟಿ ಹಿಡೀರಿ, ಬೀಳ್ತಾವ."

ಚೀಲದ ಬಾಯಿಗೆ ಒಂದು ಸುತಳಿ ಇತ್ತು. ಮರೆಪ್ಪ ಅದನ್ನು ಎಡಗೈಯಿಂದ ಸುತ್ತತೊಡಗಿದ. ಒಂದು, ಎರಡು, ಮೂರು. ಬೆರಳು ರೂಢಿಯಂತೆ ನಾಲ್ಕನೆಯದಕ್ಕೆ ಹೊರಟಿತು. ಅವನು ಅದನ್ನು ತಡೆದು, ಗಂಟು ಹಾಕಿ, ಒಮ್ಮೆ ಜಗ್ಗಿ ನೋಡಿದ. ಬಿಗಿಯಾಗಿಯೇ ಇತ್ತು. ಚೀಲ ಹಿಡಿದು, ಮುಂದೆ ಇಳಿಯುತ್ತಿದ್ದ ಊರುಗೋಲಿನ ಸಪ್ಪಳದ ಹಿಂದೆ ಅವನು ಇಳಿಯತೊಡಗಿದ.